ಚಿಟ್ಟೆಯ ಗುರುತು ಎಲೆಯಲ್ಲಿ

ಈ ಮಾತನ್ನು ನಾನೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಹತ್ತು-ಹದಿನೈದು ವರ್ಷಗಳ ಹಿಂದೆ ವಿದ್ಯಾರ್ಥಿಗಳಿಗಾಗಿ ಚಿಟ್ಟೆಗಳ ಬಗ್ಗೆ ಒಂದು ಕಾರ್ಯಕ್ರಮ ಸಿದ್ಧಪಡಿಸುತ್ತಿದ್ದೆವು. ಜಯನಗರದ ಒಂದು ಹಳೆಯ ಮನೆಯ ಕಾಂಪೌಂಡಿನಲ್ಲಿ ಚಿತ್ರೀಕರಣ. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಬೊಟ್ಟುಗಳ ಸಾಲು ಇದ್ದ ದೊಡ್ಡ ಚಿಟ್ಟೆಯೊಂದು ಲಂಟಾನದ ಹೂವಿನ ಮೇಲೆ ಬಂದು ಕುಳಿತಿತು. ಕ್ಯಾಮೆರಾದವರು ಅದನ್ನು ಸೊಗಸಾಗಿ ಹಿಡಿದರು. ನಾನು ಪುಸ್ತಕದ ಚಿತ್ರದೊಂದಿಗೆ ಹೋಲಿಸಿ ನೋಡಿ, ‘ಇದು ಕ್ರಿಮ್ಸನ್ ರೋಸ್’ ಎಂದು ನಿರೂಪಣೆ ಬರೆದೆ. ಕಾರ್ಯಕ್ರಮ ಪ್ರಸಾರವಾಯಿತು.

ಒಂದು ವಾರದ ನಂತರ ಬನಶಂಕರಿಯಿಂದ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ಕಾರ್ಡು ಬಂತು. ನಾಲ್ಕೇ ಸಾಲು. ‘ಸರ್, ನೀವು ತೋರಿಸಿದ ಚಿಟ್ಟೆಯ ಮೈ ಕಪ್ಪಗಿತ್ತು. ಕ್ರಿಮ್ಸನ್ ರೋಸ್‌ನ ಮೈ ಕೆಂಪಗಿರುತ್ತದೆ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣು ಇರಬೇಕು. ಅದು ಯಾವ ಗಿಡದ ಮೇಲೆ ಮೊಟ್ಟೆ ಇಟ್ಟಿತೆಂದು ನೋಡಿದಿರಾ?’

ನಾನು ಮತ್ತೆ ಮೂಲ ಟೇಪನ್ನು ಹಾಕಿ ನೋಡಿದೆ. ಮೈ ಕಪ್ಪಗೇ ಇತ್ತು. ಹೂವಿನಿಂದ ಎದ್ದ ಚಿಟ್ಟೆ ನೇರವಾಗಿ ಪಕ್ಕದ ಕರಿಬೇವಿನ ಗಿಡಕ್ಕೆ ಹೋಗಿ, ಒಂದೊಂದೇ ಎಲೆಯನ್ನು ಕಾಲಿನಿಂದ ಮುಟ್ಟಿ ನೋಡಿ, ಹೊಟ್ಟೆಯ ತುದಿಯನ್ನು ಬಗ್ಗಿಸಿ ಮೊಟ್ಟೆ ಇಟ್ಟಿತ್ತು. ಆ ಭಾಗದಲ್ಲಿ ಬರೀ ಎಲೆಗಳೇ ಕಾಣುತ್ತವೆ, ಚಿಟ್ಟೆ ಸರಿಯಾಗಿ ಕಾಣುವುದಿಲ್ಲವೆಂದು ಸಂಕಲನದಲ್ಲಿ ನಾನೇ ಕತ್ತರಿಸಿ ಹಾಕಿದ್ದೆ. ಅಂದರೆ ಚಿಟ್ಟೆಯ ನಿಜವಾದ ಗುರುತನ್ನೇ ಕತ್ತರಿಸಿದ್ದೆ!

ಚಿಟ್ಟೆಗಳನ್ನು ಗುರುತಿಸಲು ಹೊರಟವರು ಸಾಮಾನ್ಯವಾಗಿ ರೆಕ್ಕೆಯ ಬಣ್ಣವನ್ನೇ ನೋಡುತ್ತಾರೆ. ಬಣ್ಣ ಮುಖ್ಯವೇ. ಆದರೆ ಬಣ್ಣ ಮೋಸ ಮಾಡಬಲ್ಲದು. ಚಿಟ್ಟೆ ಹುಟ್ಟಿ ಬೆಳೆದ ಎಲೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಎಲ್ಲಿ, ಯಾವಾಗ ನೋಡಬೇಕು?

ಚಿಟ್ಟೆ ನೋಡಲು ಕಾಡಿಗೇ ಹೋಗಬೇಕಾಗಿಲ್ಲ. ಭಾರತದಲ್ಲಿ 1,300ಕ್ಕೂ ಹೆಚ್ಚು ಚಿಟ್ಟೆ ಪ್ರಭೇದಗಳಿವೆ. ಬೆಂಗಳೂರು ಮತ್ತು ಅದರ ಸುತ್ತಮುತ್ತಲೇ ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಕಾಣಬಹುದು. ದಕ್ಷಿಣ ಬೆಂಗಳೂರಿನಲ್ಲಿರುವವರಿಗೆ ಲಾಲ್‌ಬಾಗ್ ಕೈಯಳತೆಯಲ್ಲೇ ಇದೆ. ಜೆ.ಪಿ. ನಗರದವರಿಗೆ ಪುಟ್ಟೇನಹಳ್ಳಿ ಕೆರೆಯ ದಂಡೆ, ಬನ್ನೇರುಘಟ್ಟ ರಸ್ತೆಯ ಬಳಿಯ ದೊರೆಸಾನಿಪಾಳ್ಯದ ಅರಣ್ಯ ಪ್ರದೇಶ, ಬನಶಂಕರಿ ಕಡೆಯವರಿಗೆ ಬಂಡೆ-ಪೊದೆಗಳ ತುರಹಳ್ಳಿ ಕಾಡು, ಬಿ.ಟಿ.ಎಂ. ಬಡಾವಣೆಯವರಿಗೆ ಮಡಿವಾಳ ಕೆರೆ ಇವೆ. ಬನ್ನೇರುಘಟ್ಟದಲ್ಲಿ 2006ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನವಿದೆ. ಇವು ಯಾವುವೂ ಹತ್ತಿರವಿಲ್ಲದಿದ್ದರೆ ನಿಮ್ಮ ಬೀದಿಯ ಖಾಲಿ ಸೈಟು ಸಾಕು. ಅನುಭವದಿಂದ ಹೇಳುತ್ತೇನೆ, ಎಷ್ಟೋ ಸಲ ಒಪ್ಪವಾಗಿ ಕತ್ತರಿಸಿದ ಪಾರ್ಕಿಗಿಂತ ಖಾಲಿ ಸೈಟಿನಲ್ಲೇ ಹೆಚ್ಚು ಚಿಟ್ಟೆಗಳಿರುತ್ತವೆ.

ಚಿಟ್ಟೆ ಶೀತರಕ್ತದ ಜೀವಿ. ಅದರ ಹಾರುವ ಸ್ನಾಯುಗಳು ಸರಿಯಾಗಿ ಕೆಲಸ ಮಾಡಬೇಕಾದರೆ ಮೈ ಸುಮಾರು 30 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಬೇಕು. ಆದ್ದರಿಂದ ಬೆಳಗಿನ ಎಳೆ ಬಿಸಿಲಿನಲ್ಲಿ ಅದು ರೆಕ್ಕೆ ಬಿಚ್ಚಿ ಮೈ ಕಾಯಿಸುತ್ತಾ ಕುಳಿತಿರುತ್ತದೆ. ನೋಡುವವರಿಗೆ ಇದೇ ಸುಸಮಯ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ನೋಡಿ. ಮಳೆ ಬಂದು ಗಿಡಗಳು ಚಿಗುರಿದ ಮೇಲೆ, ಅಂದರೆ ಆಗಸ್ಟಿನಿಂದ ನವೆಂಬರಿನವರೆಗೆ, ಬೆಂಗಳೂರಿನಲ್ಲಿ ಚಿಟ್ಟೆಗಳ ಸುಗ್ಗಿ. ಒದ್ದೆ ಮಣ್ಣಿನ ಮೇಲೆ ಗುಂಪಾಗಿ ಕುಳಿತ ಚಿಟ್ಟೆಗಳನ್ನು ಕಂಡರೆ ಅಲ್ಲೇ ನಿಲ್ಲಿ. ಅವುಗಳಲ್ಲಿ ಬಹುಪಾಲು ಗಂಡುಗಳು. ಹೂವಿನ ಮಕರಂದದಲ್ಲಿ ಸಾಕಷ್ಟು ಸಿಗದ ಲವಣಗಳನ್ನು ಅವು ಮಣ್ಣಿನಿಂದ ಹೀರುತ್ತಿರುತ್ತವೆ.

ಮೊದಲು ಕುಟುಂಬ, ಆಮೇಲೆ ಹೆಸರು

ಯಾರನ್ನಾದರೂ ಮೊದಲ ಸಲ ಕಂಡಾಗ ನಮ್ಮ ಹಿರಿಯರು ‘ನೀನು ಯಾರ ಮನೆಯವನಪ್ಪಾ?’ ಎಂದು ಕೇಳುತ್ತಾರಲ್ಲವೇ? ಚಿಟ್ಟೆಯ ವಿಷಯದಲ್ಲೂ ಹಾಗೆಯೇ ಮಾಡಿ.

ಅದಕ್ಕೂ ಮುಂಚೆ, ಅದು ಚಿಟ್ಟೆಯೋ ಪತಂಗವೋ ಎಂದು ಖಚಿತ ಮಾಡಿಕೊಳ್ಳಿ. ಚಿಟ್ಟೆಯ ಕುಡಿಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪಗಿರುತ್ತದೆ. ಪತಂಗದ ಮೀಸೆ ದಾರದಂತೆ ಅಥವಾ ಗರಿಯಂತೆ ಇರುತ್ತದೆ. ಹಗಲಿನಲ್ಲಿ ಹಾರುವ ಪತಂಗಗಳೂ ಇರುವುದರಿಂದ ಹೊತ್ತನ್ನೊಂದೇ ನಂಬಬೇಡಿ.

ನಮ್ಮ ದೇಶದ ಚಿಟ್ಟೆಗಳಲ್ಲಿ ಆರು ಕುಟುಂಬಗಳಿವೆ. ದೊಡ್ಡ ಗಾತ್ರ, ಅನೇಕ ವೇಳೆ ಹಿಂದಿನ ರೆಕ್ಕೆಗೆ ಬಾಲವಿದ್ದರೆ ಅದು ಪ್ಯಾಪಿಲಿಯೊನಿಡೀ. ನಮ್ಮ ರಾಜ್ಯ ಚಿಟ್ಟೆಯಾದ, ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೂ ಇರುವ ಸಹ್ಯಾದ್ರಿಯ ಸದರ್ನ್ ಬರ್ಡ್‌ವಿಂಗ್ ಇದೇ ಕುಟುಂಬದ್ದು. ಮಧ್ಯಮ ಗಾತ್ರ, ಬಿಳಿ ಅಥವಾ ಹಳದಿ ಬಣ್ಣವಿದ್ದರೆ ಪಿಯೆರಿಡೀ. ಕುಳಿತಾಗ ನಾಲ್ಕೇ ಕಾಲು ಕಂಡರೆ ನಿಂಫ್ಯಾಲಿಡೀ. ಅವುಗಳ ಮುಂದಿನ ಎರಡು ಕಾಲುಗಳು ಚಿಕ್ಕದಾಗಿ ಎದೆಗೆ ಅಂಟಿಕೊಂಡಿರುತ್ತವೆ. ಹುಲ್ಲಿನ ಮಟ್ಟದಲ್ಲಿ ಹಾರುವ, ಉಗುರಿನಷ್ಟೇ ಅಗಲದ ನೀಲಿ ಅಥವಾ ಬೂದು ಚಿಟ್ಟೆಗಳು ಲೈಕಿನಿಡೀ. ದಪ್ಪ ಮೈ, ಕೊಕ್ಕೆಯಂತೆ ಬಾಗಿದ ಮೀಸೆ, ಜಿಗಿಯುವಂಥ ಹಾರಾಟವಿದ್ದರೆ ಹೆಸ್ಪೆರಿಡೀ. ಆರನೆಯದಾದ ರಿಯೋಡಿನಿಡೀ ಕುಟುಂಬದವು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಕುಟುಂಬ ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ರೆಕ್ಕೆಯ ಎರಡೂ ಬದಿಗಳನ್ನು ನೋಡಬೇಕು. ಕಾಮನ್ ಜೆಜಬೆಲ್ ಎಂಬ ಚಿಟ್ಟೆಯ ರೆಕ್ಕೆಯ ಮೇಲ್ಬದಿ ಸಾಧಾರಣ ಬಿಳುಪು, ಕಪ್ಪು ಗೆರೆಗಳು. ಕೆಳಬದಿಯಲ್ಲಿ ಕಣ್ಣು ಕೋರೈಸುವ ಹಳದಿ ಮತ್ತು ಕೇಸರಿಗೆಂಪು. ಕುಳಿತಾಗ ಒಂದು, ಹಾರುವಾಗ ಮತ್ತೊಂದು ಚಿಟ್ಟೆಯೆಂದು ಹೊಸಬರು ಎರಡು ಹೆಸರು ಬರೆದುಕೊಳ್ಳುವುದುಂಟು. ಋತುವನ್ನೂ ಗಮನಿಸಿ. ಸಂಜೆಯ ಹೊತ್ತಿಗೆ ಮನೆಯೊಳಗೂ ಬಂದುಬಿಡುವ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆಯ ರೆಕ್ಕೆಯ ಕೆಳಬದಿಯಲ್ಲಿ ಮಳೆಗಾಲದಲ್ಲಿ ಕಣ್ಣಿನಂಥ ಚಿಕ್ಕೆಗಳಿರುತ್ತವೆ. ಒಣ ಹವೆಯ ದಿನಗಳಲ್ಲಿ ಹುಟ್ಟುವ ಅದೇ ಪ್ರಭೇದ ಥೇಟು ಒಣಗಿದ ತರಗೆಲೆ.

ವೇಷಧಾರಿಗಳು

ಈಗ ನನ್ನ ತಪ್ಪಿಗೆ ಬರೋಣ. ಅಂಥ ತಪ್ಪಾಗಲು ಕಾರಣವಿದೆ.

ಕ್ರಿಮ್ಸನ್ ರೋಸ್ ಮತ್ತು ಅದರ ಸೋದರ ಪ್ರಭೇದ ಕಾಮನ್ ರೋಸ್, ಈ ಎರಡರ ಹುಳುಗಳೂ ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುತ್ತವೆ. ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಹುಳು ಆ ವಿಷವನ್ನು ತನ್ನ ಮೈಯಲ್ಲಿ ಕೂಡಿಡುತ್ತದೆ. ಕೋಶದಿಂದ ಹೊರಬಂದ ಚಿಟ್ಟೆಯಲ್ಲೂ ಅದು ಉಳಿಯುತ್ತದೆ. ಒಮ್ಮೆ ತಿಂದು ಬಾಯಿ ಕೆಡಿಸಿಕೊಂಡ ಹಕ್ಕಿ ಮತ್ತೆ ಆ ಕೆಂಪು-ಕಪ್ಪಿನ ತಂಟೆಗೆ ಹೋಗುವುದಿಲ್ಲ. ಇದು ರೋಸ್ ಚಿಟ್ಟೆಗಳ ರಕ್ಷಣೆ.

ಕಾಮನ್ ಮಾರ್ಮನ್‌ಗೆ ಇಂಥ ವಿಷವಿಲ್ಲ. ಅದರ ಹುಳು ತಿನ್ನುವುದು ನಿಂಬೆ, ಕರಿಬೇವುಗಳಂಥ ಗಿಡಗಳ ಎಲೆ. ಆದರೆ ಅದರ ಹೆಣ್ಣುಗಳಲ್ಲಿ ಮೂರು ರೂಪಗಳಿವೆ. ಒಂದು ಗಂಡಿನಂತೆಯೇ ಕಪ್ಪು, ಬಿಳಿ ಬೊಟ್ಟುಗಳ ಪಟ್ಟಿ. ಇನ್ನೊಂದು ಕಾಮನ್ ರೋಸ್‌ನಂತೆ. ಮೂರನೆಯದು ಕ್ರಿಮ್ಸನ್ ರೋಸ್‌ನಂತೆ. ವಿಷವಿಲ್ಲದಿದ್ದರೂ ವಿಷವಿರುವವರ ವೇಷ! ಹಕ್ಕಿ ಮೋಸಹೋಗುತ್ತದೆ; ನನ್ನಂಥ ನಿರ್ಮಾಪಕರೂ ಮೋಸಹೋಗುತ್ತಾರೆ.

ಇದನ್ನು ಜೀವವಿಜ್ಞಾನದಲ್ಲಿ ಬೇಟ್ಸ್ ಅನುಕರಣೆ ಎನ್ನುತ್ತಾರೆ. ಅಮೆಜಾನ್ ಕಾಡುಗಳಲ್ಲಿ ಚಿಟ್ಟೆಗಳನ್ನು ಅಧ್ಯಯನ ಮಾಡಿದ ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ಇದನ್ನು ಮೊದಲು ವಿವರಿಸಿದ. ಮಾರ್ಮನ್‌ನ ಬೇರೆ ಬೇರೆ ರೂಪದ ಹೆಣ್ಣುಗಳು ಒಂದೇ ಪ್ರಭೇದಕ್ಕೆ ಸೇರಿದವೆಂದು 1865ರಲ್ಲಿ ತೋರಿಸಿಕೊಟ್ಟವನು ಆಲ್‌ಫ್ರೆಡ್ ರಸೆಲ್ ವಾಲೇಸ್. ಹಾಗಾದರೆ ಒಂದೇ ತಾಯಿಯ ಹೊಟ್ಟೆಯ ಅಕ್ಕತಂಗಿಯರು ಬೇರೆ ಬೇರೆ ವೇಷ ತೊಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಡಬಲ್‌ಸೆಕ್ಸ್ ಎಂಬ ಒಂದು ಜೀನ್ ಈ ಕೆಲಸ ಮಾಡುತ್ತದೆ. ಕೀಟಗಳಲ್ಲಿ ಗಂಡು-ಹೆಣ್ಣಿನ ದೇಹಲಕ್ಷಣಗಳನ್ನು ರೂಪಿಸುವ ಜೀನ್ ಇದು. ಅದೇ ಜೀನ್‌ನ ಬೇರೆ ಬೇರೆ ಪಾಠಾಂತರಗಳು ಮಾರ್ಮನ್ ಹೆಣ್ಣುಗಳ ರೆಕ್ಕೆಯ ವಿನ್ಯಾಸವನ್ನೂ ನಿರ್ಧರಿಸುತ್ತವೆ. ಜಯನಗರದ ಕರಿಬೇವಿನ ಗಿಡಕ್ಕೆ ಬರುವ ಚಿಟ್ಟೆ ಎಷ್ಟು ದೊಡ್ಡ ಪ್ರಶ್ನೆಯನ್ನು ಹೊತ್ತು ತಂದಿತ್ತು ನೋಡಿ!

ಇಂಥ ಇನ್ನೊಂದು ಜೋಡಿಯನ್ನು ನಿಮ್ಮ ಬೀದಿಯಲ್ಲೇ ನೋಡಬಹುದು. ಎಕ್ಕದ ಗಿಡದ ಸುತ್ತ ನಿಧಾನವಾಗಿ ಹಾರುವ ಕಿತ್ತಳೆ ಬಣ್ಣದ ಚಿಟ್ಟೆ ಪ್ಲೇನ್ ಟೈಗರ್. ಅದರ ಹುಳು ಎಕ್ಕದ ಎಲೆ ತಿಂದು, ಅದರಲ್ಲಿರುವ, ಹೃದಯದ ಮೇಲೆ ಪರಿಣಾಮ ಮಾಡುವ ವಿಷಗಳನ್ನು ಕೂಡಿಡುತ್ತದೆ. ಡೆನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಹೆಚ್ಚುಕಡಿಮೆ ಇದರ ಪಡಿಯಚ್ಚು. ಹಿಂದಿನ ರೆಕ್ಕೆಯನ್ನು ನೋಡಿ: ಪ್ಲೇನ್ ಟೈಗರ್‌ಗೆ ನಡುವೆ ಮೂರು-ನಾಲ್ಕು ಕಪ್ಪು ಚುಕ್ಕೆಗಳಿವೆ, ಎಗ್‌ಫ್ಲೈ ಹೆಣ್ಣಿಗೆ ಮೇಲಂಚಿನಲ್ಲಿ ಒಂದೇ. ಚುಕ್ಕೆ ಎಣಿಸುವಷ್ಟು ಹೊತ್ತು ಅದು ಕುಳಿತುಕೊಳ್ಳದಿದ್ದರೆ ಕಾದು ನೋಡಿ. ಅದು ಮೊಟ್ಟೆ ಇಡಲು ಎಕ್ಕಕ್ಕೆ ಹೋಯಿತೋ, ನೆಲಕ್ಕಿಳಿದು ಗೋಣಿಸೊಪ್ಪಿನ ಬಳಿ ಹುಡುಕಾಡಿತೋ? ಎಗ್‌ಫ್ಲೈ ಹುಳುವಿಗೆ ಬೇಕಾದದ್ದು ಗೋಣಿಸೊಪ್ಪು. ವೇಷ ಹಾಕಿಕೊಂಡರೂ ಊಟ ಬದಲಾಗುವುದಿಲ್ಲ!

ಹೂವಿಗೂ ಎಲೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನಪಿಡಬೇಕು. ಹೂವು ಎಲ್ಲರಿಗೂ ತೆರೆದಿರುವ ಹೋಟೆಲಿನಂತೆ. ಲಂಟಾನದ ಹೂವಿಗೆ ಹತ್ತಾರು ಪ್ರಭೇದಗಳು ಬರುತ್ತವೆ. ಎಲೆ ಹಾಗಲ್ಲ. ಹೆಣ್ಣು ಚಿಟ್ಟೆಯ ಕಾಲಿನಲ್ಲಿ ರುಚಿ ತಿಳಿಯುವ ಅಂಗಗಳಿವೆ. ಎಲೆಯನ್ನು ತಟ್ಟಿ ನೋಡಿ, ತನ್ನ ಮರಿ ತಿನ್ನಬಲ್ಲ ಎಲೆ ಇದೇ ಎಂದು ಖಾತ್ರಿಯಾದ ಮೇಲೆಯೇ ಅದು ಮೊಟ್ಟೆ ಇಡುತ್ತದೆ. ಇಂಥ ಗಿಡವನ್ನು ಅತಿಥೇಯ ಸಸ್ಯ ಎನ್ನುತ್ತಾರೆ.

ನಿಮ್ಮ ಬೀದಿಯ ಗಿಡ, ಅದರ ಚಿಟ್ಟೆ

ದಕ್ಷಿಣ ಬೆಂಗಳೂರಿನ ಮನೆ, ಬೀದಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕೆಲವು ಗಿಡಗಳನ್ನೂ ಅವುಗಳ ಎಲೆ ತಿಂದು ಬೆಳೆಯುವ ಚಿಟ್ಟೆಗಳನ್ನೂ ಕೆಳಗೆ ಕೊಟ್ಟಿದೆ.

ನಿಂಬೆ, ಕರಿಬೇವು: ಕಾಮನ್ ಮಾರ್ಮನ್, ಲೈಮ್ ಚಿಟ್ಟೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ, ಆಮೇಲೆ ಹಸಿರಾಗಿ ಕಾಣುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥ ಅಂಗವನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ.

ಸಂಪಿಗೆ, ಸೀತಾಫಲ: ಟೇಲ್ಡ್ ಜೇ. ಕಪ್ಪು ರೆಕ್ಕೆಯಲ್ಲಿ ಹಸಿರು ಚಿಕ್ಕೆಗಳು. ಹೂವು ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ.

ಕಕ್ಕೆ: ಕಾಮನ್ ಎಮಿಗ್ರಂಟ್. ತಿಳಿ ಹಳದಿ-ಬಿಳಿ, ರಭಸದ ಹಾರಾಟ.

ಕಣಗಿಲೆ: ಕಾಮನ್ ಕ್ರೋ. ಇದರ ಕೋಶ ಬೆಳ್ಳಿಯ ಜುಮುಕಿಯಂತೆ ಹೊಳೆಯುತ್ತದೆ.

ಮಾವು: ಬ್ಯಾರನ್. ಹುಳು ಎಲೆಯ ನಡುನರದ ಮೇಲೆ ಮಲಗಿದರೆ ಕಣ್ಣೆದುರಿಗಿದ್ದರೂ ಕಾಣದು.

ಹರಳು: ಕಾಮನ್ ಕ್ಯಾಸ್ಟರ್.

ಕಾಡುಬಸಳೆ: ರೆಡ್ ಪಿಯೆರೋ. ಹುಳು ದಪ್ಪ ಎಲೆಯ ಒಳಗೇ ಕೊರೆದು ಕುಳಿತು ತಿನ್ನುತ್ತದೆ.

ಮರದ ಮೇಲಿನ ಬಂದಳಿಕೆ: ಕಾಮನ್ ಜೆಜಬೆಲ್.

ಕೊನೆಯದನ್ನು ಗಮನಿಸಿ. ಬಂದಳಿಕೆ ಮರಕ್ಕೆ ಕಂಟಕವೆಂದು ನಾವೆಲ್ಲ ಓದಿದ್ದೇವೆ. ಅದೂ ಒಂದು ಚಿಟ್ಟೆಯ ತೊಟ್ಟಿಲು.

ದಾರಿಹೋಕರೂ ಇದ್ದಾರೆ

ಇಷ್ಟು ಓದಿದ ಮೇಲೆ, ಅತಿಥೇಯ ಸಸ್ಯವಿಲ್ಲದ ಕಡೆ ಆ ಚಿಟ್ಟೆ ಕಾಣುವುದೇ ಇಲ್ಲವೇ ಎಂದು ನೀವು ಕೇಳಬಹುದು. ಕಾಣಬಹುದು. ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳುಗಳಲ್ಲಿ, ಪಶ್ಚಿಮ ಘಟ್ಟಗಳಿಂದ ಡಾರ್ಕ್ ಬ್ಲೂ ಟೈಗರ್, ಕ್ರೋ ಮೊದಲಾದ ಚಿಟ್ಟೆಗಳು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಪೂರ್ವದ ಬಯಲಿನತ್ತ ಹೊರಡುತ್ತವೆ. ಮಳೆ ಕಳೆದ ಮೇಲೆ ಘಟ್ಟಗಳ ಕಡೆಗೆ ಮರಳುವ ವಲಸೆಯೂ ನಡೆಯುತ್ತದೆ. ಹೊರಟ ಚಿಟ್ಟೆಗಳೇ ಎಲ್ಲವೂ ಹಿಂದಿರುಗುವುದಲ್ಲ, ಅವುಗಳ ಮಕ್ಕಳು ಮರಿಗಳೂ ಮರಳುತ್ತವೆ. ಬೆಂಗಳೂರು ಈ ದಾರಿಯಲ್ಲಿದೆ. ಒಂದು ಬೆಳಗ್ಗೆ ನಿಮ್ಮ ಕಾಲೇಜಿನ ಮೈದಾನದ ಮೇಲೆ ನೀಲಿ-ಕಪ್ಪು ಚಿಟ್ಟೆಗಳು ಒಂದರ ಹಿಂದೊಂದು ಒಂದೇ ದಿಕ್ಕಿಗೆ ಹೋಗುತ್ತಿದ್ದರೆ, ಗಡಿಯಾರ ನೋಡಿ ಹತ್ತು ನಿಮಿಷ ಎಣಿಸಿ. ದಿನಾಂಕ, ದಿಕ್ಕು, ಸಂಖ್ಯೆ ಬರೆದಿಡಿ. ಚಿಕ್ಕ ಟಿಪ್ಪಣಿಯಾದರೂ ವಿಜ್ಞಾನಕ್ಕೆ ಉಪಯೋಗವಾಗುವಂಥದು.

ನೋಟ್‌ಪುಸ್ತಕದ ಶಿಸ್ತು

ಈ ಹವ್ಯಾಸಕ್ಕೆ ಬಲೆ ಬೇಡ, ಗುಂಡುಸೂಜಿ ಬೇಡ. ಹಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಒಂದು ನೋಟ್‌ಪುಸ್ತಕ, ಪೆನ್ಸಿಲ್, ಇದ್ದರೆ ಮನೆಯವರ ಮೊಬೈಲ್ ಕ್ಯಾಮೆರಾ ಸಾಕು. ಚಿತ್ರ ತೆಗೆಯುವಾಗ ಮೂರು ಕೋನ ಮರೆಯಬೇಡಿ: ರೆಕ್ಕೆಯ ಮೇಲ್ಬದಿ, ಕೆಳಬದಿ, ಮತ್ತು ಅದು ಕುಳಿತ ಗಿಡ. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನಿಧಾನವಾಗಿ ಸಮೀಪಿಸಿ.

ಈಗ ಮೊಬೈಲಿನಲ್ಲಿ ಚಿತ್ರ ತೋರಿಸಿದರೆ ಹೆಸರು ಹೇಳುವ ಸೌಲಭ್ಯಗಳಿವೆ. ಬಳಸಿ, ತಪ್ಪೇನಿಲ್ಲ. ಆದರೆ ಅದು ಹೇಳಿದ್ದನ್ನು ಅಂತಿಮ ತೀರ್ಪು ಎಂದುಕೊಳ್ಳಬೇಡಿ. ಅದು ರೆಕ್ಕೆಯನ್ನು ನೋಡಿದೆ, ನೀವು ಹಾರಾಟವನ್ನೂ ಎಲೆಯನ್ನೂ ನೋಡಿದ್ದೀರಿ. ಎರಡೂ ತಾಳೆಯಾಗದಿದ್ದರೆ ಪುಸ್ತಕದಲ್ಲಿ ‘ತಿಳಿಯಲಿಲ್ಲ’ ಎಂದು ಬರೆಯಿರಿ. ‘ಕಪ್ಪು ರೆಕ್ಕೆ, ಕಪ್ಪು ಮೈ, ಕೆಂಪು ಬೊಟ್ಟು, ಕರಿಬೇವಿನ ಮೇಲೆ ಮೊಟ್ಟೆ’ ಎಂಬ ಹೆಸರಿಲ್ಲದ ಟಿಪ್ಪಣಿ, ‘ಕ್ರಿಮ್ಸನ್ ರೋಸ್’ ಎಂಬ ತಪ್ಪು ಹೆಸರಿಗಿಂತ ಎಷ್ಟೋ ಮೇಲು. ಮೊದಲನೆಯದನ್ನು ಹತ್ತು ವರ್ಷದ ನಂತರವೂ ಯಾರಾದರೂ ಸರಿಯಾಗಿ ಗುರುತಿಸಬಹುದು. ಎರಡನೆಯದು ದಾರಿ ತಪ್ಪಿಸುತ್ತದೆ.

ಪ್ರತಿ ವಾರ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ನಡೆದು ಕಂಡ ಚಿಟ್ಟೆಗಳನ್ನು ಎಣಿಸುವುದು ಇನ್ನೂ ಒಳ್ಳೆಯ ಕ್ರಮ. ಬ್ರಿಟನ್ನಿನಲ್ಲಿ 1976ರಿಂದ ಹವ್ಯಾಸಿಗಳು ಹೀಗೆ ಎಣಿಸುತ್ತಾ ಬಂದಿದ್ದಾರೆ. ಯಾವ ಚಿಟ್ಟೆ ಕಡಿಮೆಯಾಗುತ್ತಿದೆ ಎಂಬುದು ಅವರಿಗೆ ಅದರಿಂದಲೇ ತಿಳಿಯುತ್ತದೆ. ನಮ್ಮ ದೇಶದಲ್ಲೂ 2020ರಿಂದ ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆಗಳ ಎಣಿಕೆಗೆಂದು ಆಚರಿಸುತ್ತಿದ್ದಾರೆ.

ಉಳಿಯಬೇಕಾದದ್ದು ಎಲೆ

ಬೆಂಗಳೂರಿನ ಮಟ್ಟಿಗೆ ಹಳೆಯ ಲೆಕ್ಕ ಇಲ್ಲದಿಲ್ಲ. ಯೇಟ್ಸ್ ಎಂಬುವರು ಬೆಂಗಳೂರು ಮತ್ತು ಸುತ್ತಲಿನ ಚಿಟ್ಟೆಗಳ ಪಟ್ಟಿಯನ್ನು 1930ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಗ ಜಯನಗರವೆಂಬ ಬಡಾವಣೆಯೇ ಇರಲಿಲ್ಲ. ಅದಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಹೊಲ, ತೋಪು, ಕುರುಚಲು ಇದ್ದ ನೆಲದಲ್ಲಿ ಮನೆಗಳೆದ್ದವು. ಮನೆಯ ಸುತ್ತ ಕರಿಬೇವು, ನಿಂಬೆ, ಸಂಪಿಗೆ, ಮಾವು ನೆಟ್ಟರು. ಆದ್ದರಿಂದ ಅನೇಕ ಚಿಟ್ಟೆಗಳು ಜನರ ಜೊತೆಗೇ ಉಳಿದುಕೊಂಡವು. ಈಗ ಆ ಮನೆಗಳ ಜಾಗದಲ್ಲಿ ನೆಲವನ್ನೆಲ್ಲ ತುಂಬುವ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ನಮ್ಮ ಚಿತ್ರೀಕರಣ ನಡೆದ ಮನೆಯೂ ಈಗಿಲ್ಲ, ಆ ಕರಿಬೇವಿನ ಗಿಡವೂ ಇಲ್ಲ. ಖಾಲಿ ಸೈಟಿನ ಎಕ್ಕವನ್ನು ಕಳೆಯೆಂದು ಕೀಳುತ್ತಾರೆ. ಪಾರ್ಕುಗಳಲ್ಲಿ ಹೂವಿನ ಗಿಡಗಳಿವೆ, ಹುಲ್ಲುಹಾಸಿದೆ. ಆದರೆ ಹುಳು ತಿಂದ ಎಲೆ ಕಂಡರೆ ಔಷಧಿ ಹೊಡೆಯುತ್ತಾರೆ.

ಹೂವನ್ನಷ್ಟೇ ಉಳಿಸಿದರೆ ಚಿಟ್ಟೆ ಊಟಕ್ಕೆ ಬಂದು ಹೋಗುತ್ತದೆ. ಎಲೆಯನ್ನು ಉಳಿಸಿದರೆ ಅದು ಅಲ್ಲೇ ಸಂಸಾರ ಹೂಡುತ್ತದೆ. ಹುಳು ಎಲೆ ತಿನ್ನದೆ ಚಿಟ್ಟೆಯಾಗುವ ಉಪಾಯವನ್ನು ಪ್ರಕೃತಿ ಇನ್ನೂ ಕಂಡುಹಿಡಿದಿಲ್ಲ.

ಮಾಡಿ ನೋಡಿ

ಮನೆಯ ಬಾಲ್ಕನಿಯಲ್ಲೋ ಮಹಡಿಯ ಮೇಲೋ ಒಂದು ಕುಂಡದಲ್ಲಿ ಕರಿಬೇವು ಅಥವಾ ನಿಂಬೆ ಸಸಿ ಇಡಿ. ಔಷಧಿ ಹೊಡೆಯಬೇಡಿ. ಎಳೆಯ ಎಲೆಗಳನ್ನು ದಿನವೂ ನೋಡಿ. ಸಾಸಿವೆಯಷ್ಟು ಗಾತ್ರದ, ತಿಳಿಹಳದಿ ಬಣ್ಣದ ಗುಂಡನೆಯ ಮೊಟ್ಟೆ ಕಂಡ ದಿನಾಂಕವನ್ನು ಬರೆದುಕೊಳ್ಳಿ. ಮರಿ ಹೊರಬಂದ ದಿನ, ಅದು ಹಿಕ್ಕೆಯ ಬಣ್ಣ ಬಿಟ್ಟು ಹಸಿರಾದ ದಿನ, ಕೋಶ ಕಟ್ಟಿದ ದಿನ, ಚಿಟ್ಟೆ ಹೊರಬಂದ ದಿನ, ಇಷ್ಟನ್ನು ದಾಖಲಿಸಿ. ಎಲ್ಲ ಸೇರಿ ಸುಮಾರು ಒಂದು ತಿಂಗಳ ಕೆಲಸ. ಅಡಿಗೆಗೆ ನಾಲ್ಕು ಎಸಳು ಕರಿಬೇವು ಕಡಿಮೆಯಾಯಿತೆಂದು ಅಮ್ಮ ಗೊಣಗಿದರೆ, ಕೋಶ ಬಿರಿಯುವ ಬೆಳಗ್ಗೆ ಅವರನ್ನೂ ಕರೆದು ತೋರಿಸಿ. ಒಂದು ಎಚ್ಚರಿಕೆ: ಎಕ್ಕದ ಹಾಲು ಕಣ್ಣಿಗೆ ಅಪಾಯ, ಈಶ್ವರಿ ಬಳ್ಳಿ ವಿಷ. ಅವುಗಳ ಮೇಲಿನ ಹುಳುಗಳನ್ನು ಕಣ್ಣಿನಿಂದ ಮಾತ್ರ ನೋಡಿ, ಕೈಯಿಂದಲ್ಲ.

ಕಾರ್ಡು ಬರೆದ ವಿದ್ಯಾರ್ಥಿನಿಗೆ ನಾನು ಉತ್ತರ ಬರೆದು ತಪ್ಪನ್ನು ಒಪ್ಪಿಕೊಂಡೆ. ಮುಂದಿನ ಕಾರ್ಯಕ್ರಮದಲ್ಲಿ ಆ ಕತ್ತರಿಸಿದ ಭಾಗವನ್ನು ಸೇರಿಸಿ, ಸರಿಯಾದ ಹೆಸರಿನೊಂದಿಗೆ ಮತ್ತೆ ತೋರಿಸಿದೆವು. ಪರದೆಯ ಮೇಲೆ ಹೆಚ್ಚು ಹೊತ್ತು ಕಂಡದ್ದು ಕರಿಬೇವಿನ ಎಲೆಗಳೇ. ಚಿಟ್ಟೆ ಅವುಗಳ ಮರೆಯಲ್ಲಿತ್ತು.